ಬೆಳಕಿಗೆ ಹಿಡಿದ ಕಾಗದ

ನಿಮ್ಮ ಮನೆಯ ಟ್ರಂಕಿನ ತಳದಲ್ಲಿ ಹಿರಿಯರ ಕಾಲದ ಖರೀದಿಪತ್ರವೇನಾದರೂ ಇದ್ದರೆ ಅದನ್ನೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬರಹದ ಹಿಂದೆ, ಕಾಗದದ ಒಡಲಿನಲ್ಲಿಯೇ, ಮಸುಕಾದ ಗುರುತೊಂದು ಕಂಡೀತು. ಇದೇ ವಾಟರ್‌ಮಾರ್ಕ್, ಅಂದರೆ ನೀರಗುರುತು. ಗೋಕಾಕ, ಮೂಡಲಗಿ, ಹುಕ್ಕೇರಿಯ ರೈತ ಮನೆಗಳಲ್ಲಿ ಎರಡು ಕಾಗದಗಳಿಗೆ ಬೆಲೆ ಹೆಚ್ಚು: ಒಂದು ಖರೀದಿಪತ್ರ, ಇನ್ನೊಂದು ಉತಾರ. ದಕ್ಷಿಣದವರು ಪಹಣಿ ಎನ್ನುವುದನ್ನೇ ನಮ್ಮ ಕಡೆ ಉತಾರ ಎನ್ನುತ್ತಾರೆ. ಈ ಎರಡು ಕಾಗದಗಳನ್ನು ನಾವು ನಂಬುವುದು ಯಾವ ಆಧಾರದ ಮೇಲೆ?

ನೀರಗುರುತಿನ ಕಥೆ ಆರಂಭವಾಗುವುದು ಹದಿಮೂರನೆಯ ಶತಮಾನದ ಇಟಲಿಯಲ್ಲಿ. ಚಿಂದಿಬಟ್ಟೆಯ ತಿರುಳನ್ನು ನೀರಿನಿಂದ ಜರಡಿಯಲ್ಲಿ ಎತ್ತಿ ಕಾಗದ ಮಾಡುತ್ತಿದ್ದ ಫಾಬ್ರಿಯಾನೊ ಮೊದಲಾದ ಊರುಗಳ ಕುಶಲಿಗರು ಆ ಜರಡಿಗೆ ತಂತಿಯ ಆಕೃತಿಯನ್ನು ಹೊಲಿದರು. ತಂತಿಯಿದ್ದಲ್ಲಿ ತಿರುಳು ತೆಳುವಾಗಿ, ಒಣಗಿದ ಮೇಲೆ ಅಲ್ಲಿ ಬೆಳಕು ಹೆಚ್ಚು ಹಾಯುತ್ತಿತ್ತು. 1282ರ ಕಾಗದವೊಂದರಲ್ಲಿ ಶಿಲುಬೆಯ ಆಕೃತಿ ಕಾಣಸಿಗುತ್ತದೆ. ಮೊದಲು ತಯಾರಕನ ಗುರುತಾಗಿದ್ದ ಇದು ಮುಂದೆ ನೋಟುಗಳಿಗೂ ಸರಕಾರಿ ಪತ್ರಗಳಿಗೂ ಕಾವಲಾಯಿತು.

ಭಾರತದ ಛಾಪಾಕಾಗದವೂ ಈ ಕಾವಲನ್ನು ನಂಬಿತ್ತು. ಆದರೆ ನಮ್ಮದೇ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ಆ ನಂಬಿಕೆಯನ್ನು ಅಲ್ಲಾಡಿಸಿದನು. ನಾಸಿಕದ ಸರಕಾರಿ ಮುದ್ರಣಾಲಯದ ಯಂತ್ರಗಳು ಅವನ ಕೈಸೇರಿದ್ದವು, ಒಳಗಿನವರ ನೆರವೂ ಅವನಿಗಿತ್ತು ಎಂಬುದು ತನಿಖೆಯಿಂದ ಹೊರಬಿದ್ದಿತು. 2001ರಲ್ಲಿ ಬಂಧಿತನಾಗಿ, ಶಿಕ್ಷೆ ಅನುಭವಿಸುತ್ತಿರುವಾಗಲೇ 2017ರಲ್ಲಿ ಬೆಂಗಳೂರಿನಲ್ಲಿ ಅವನು ತೀರಿಕೊಂಡನು. ಕಾಗದದ ಕಾವಲು ಎಷ್ಟೇ ಬಿಗಿಯಾಗಿದ್ದರೂ ಕಾಯುವವನೇ ಬಾಗಿಲು ತೆರೆದರೆ ಉಳಿಯುವುದೇನು?

ಉತಾರದ ಕಥೆ ಬೇರೆ. ಅದು ಗೆರೆಗಳೂ ಕಾಲಂಗಳೂ ತುಂಬಿದ ಒಂದು ಕೋಷ್ಟಕ. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಹಿಂದೆ ಕುಲಕರ್ಣಿ, ಬಳಿಕ ತಲಾಠಿ ಈ ಕೋಷ್ಟಕವನ್ನು ಕೈಯಿಂದ ತುಂಬುತ್ತಿದ್ದರು. ಅದಕ್ಕಿದ್ದ ಕಾವಲು ಒಂದು ಸಹಿ, ಒಂದು ದುಂಡು ಶಿಕ್ಕೆ. 2002ರ ಹೊತ್ತಿಗೆ 'ಭೂಮಿ' ಯೋಜನೆಯು ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ರೈತರು ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಅಚ್ಚಾದ ಉತಾರವನ್ನು ಪಡೆಯತೊಡಗಿದರು.

ಯಂತ್ರವೊಂದು ಅಚ್ಚು ಹಾಕಿದ ಕೋಷ್ಟಕವನ್ನು ಇನ್ನೊಂದು ಯಂತ್ರವೂ ಅಚ್ಚು ಹಾಕಬಲ್ಲದು. ಆದ್ದರಿಂದ ನೀರಗುರುತು ಹೊಸ ವೇಷದಲ್ಲಿ ಮರಳಿತು. ಇಂದು ಸೊಸೈಟಿಯ ಸಾಲದ ಪಟ್ಟಿಯನ್ನೋ ಸಂಘದ ಲೆಕ್ಕವನ್ನೋ ಎಕ್ಸೆಲ್‌ನಲ್ಲಿ ಸಿದ್ಧಪಡಿಸುವವರು ಅದರ ಹಿಂದೆ 'ಕರಡು' ಅಥವಾ 'ನಕಲು' ಎಂದು ಬೂದುಬಣ್ಣದಲ್ಲಿ ಮೂಡಿಸುವುದುಂಟು. ಎಕ್ಸೆಲ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಗುಂಡಿಯಿಲ್ಲ. ಆ ಪದವನ್ನು ಚಿತ್ರವಾಗಿಸಿ ಪುಟದ ತಲೆಬರಹದಲ್ಲಿ ಇರಿಸಿದರೆ ಅದು ಪ್ರತಿ ಹಾಳೆಯಲ್ಲೂ ಅಂಕಿಗಳ ಹಿಂದೆ ಮುದ್ರಣವಾಗುತ್ತದೆ. ಆದರೆ ಹೆಸರು ಒಂದೇ ಆದರೂ ಗುಣ ಬೇರೆ. ಹಳೆಯ ಗುರುತು ಕಾಗದದೊಳಗೆ ಹುಟ್ಟಿದ್ದು, ಝೆರಾಕ್ಸ್ ಯಂತ್ರಕ್ಕೆ ಅದು ಸಿಕ್ಕದು. ಹೊಸದು ಬರಿಯ ಮಸಿ. ಝೆರಾಕ್ಸಿನಲ್ಲೂ ಬರುತ್ತದೆ, ಯಾರು ಬೇಕಾದರೂ ಹಾಕಬಹುದು. 'ಇದು ಅಂತಿಮವಲ್ಲ' ಎಂದು ಎಚ್ಚರಿಸುವುದಷ್ಟೇ ಅದರ ಕೆಲಸ. ಅಸಲಿತನಕ್ಕೆ ಅದು ಸಾಕ್ಷಿ ಹೇಳಲಾರದು. ಇದನ್ನು ಅರಿತೇ ಇಂದಿನ ಇ-ಸ್ಟಾಂಪ್ ಪತ್ರಕ್ಕೆ ಪ್ರತ್ಯೇಕ ಸಂಖ್ಯೆಯೊಂದನ್ನು ಕೊಟ್ಟು, ಮೂಲ ದಾಖಲೆಯೊಡನೆ ಹೋಲಿಸಿ ನೋಡಲು ಅವಕಾಶ ಮಾಡಿದ್ದಾರೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಉತಾರದ 9ನೆಯ ಕಾಲಮ್ಮಿನಲ್ಲಿ ಒಡೆಯರ ಹೆಸರು, 11ನೆಯದರಲ್ಲಿ ಸಾಲದ ಬೋಜಾ. ತಂದೆ ತೀರಿಕೊಂಡು ವಾರಸಾ ದಾಖಲಿಸುವಾಗ ಅಣ್ಣತಮ್ಮಂದಿರ ಹೆಸರಷ್ಟೇ ಬರೆಯಿಸಿ ಅಕ್ಕತಂಗಿಯರನ್ನು ಮರೆತರೆ ಏನಾದೀತು? 2005ರ ತಿದ್ದುಪಡಿಯ ಬಳಿಕ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಹೀಗಿದ್ದೂ ಆ ಹೆಸರು ಬಿಟ್ಟುಹೋದ ಹಾಳೆ ಸಹಿ, ಸಂಖ್ಯೆ, ಗುರುತು ಎಲ್ಲವೂ ಸರಿಯಿದ್ದು ಅಸಲಿಯೆಂದೇ ತೋರುತ್ತದೆ. ಕಾಗದ ಅಸಲಿ, ಬರಹ ಅನ್ಯಾಯ!

ಓದುಗರೇ, ಏಳು ಶತಮಾನಗಳಿಂದ ಮನುಷ್ಯನು ಕಾಗದವನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದ್ದಾನೆ. ಗುರುತು ಹೇಳುವುದು ಕಾಗದ ಎಲ್ಲಿಂದ ಬಂತೆಂಬುದನ್ನು ಮಾತ್ರ. ಅದರ ಮೇಲಿನ ಮಾತಿಗೆ ಬರೆಸಿದವನೇ ಹೊಣೆ. ಈ ಸಲ ಟ್ರಂಕು ತೆರೆದಾಗ ನಿಮ್ಮ ಮನೆಯ ಉತಾರವನ್ನೂ ಹೊರತೆಗೆಯಿರಿ. ಅದರ 9ನೆಯ ಕಾಲಮ್ಮಿನಲ್ಲಿ ಇರಬೇಕಾದ ಹೆಸರುಗಳೆಲ್ಲ ಇವೆಯೇ ಎಂದು ನಿಧಾನವಾಗಿ ಓದಿರಿ.