ರಂಧ್ರಮಯ ಲೋಹ-ಸಾವಯವ ಚೌಕಟ್ಟುಗಳು: ಕ್ರಿಯಾವರ್ಧಕ ರಚನೆಯ ಇತಿಹಾಸದ ಒಂದು ವಿವೇಚನೆ

ವಿಜ್ಞಾನದ ಇತಿಹಾಸವನ್ನು ಪಾರಿತೋಷಕಗಳ ಇತಿಹಾಸವಾಗಿ ಬರೆಯುವ ವಾಡಿಕೆ ನಮ್ಮಲ್ಲಿ ಬೇರೂರಿದೆ. 2025ರಲ್ಲಿ ರಿಚರ್ಡ್ ರಾಬ್ಸನ್, ಸುಸುಮು ಕಿಟಗಾವ, ಒಮರ್ ಯಾಘಿ ಈ ಮೂವರಿಗೆ ಲೋಹ-ಸಾವಯವ ಚೌಕಟ್ಟುಗಳಿಗಾಗಿ ನೊಬೆಲ್ ಪಾರಿತೋಷಕವು ದೊರೆತ ಮೇಲೆ ಈ ವಿಷಯದಲ್ಲಿಯೂ ಹಾಗೆಯೇ ಆಗುವ ಸಂಭವವುಂಟು. ಆದರೆ ಸಂಗತಿಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದರೆ, ಆಶೆಗೂ ಸಿದ್ಧಿಗೂ ನಡುವಣ ದೀರ್ಘವಾದ ಅಂತರವೇ ಇಲ್ಲಿ ಮುಖ್ಯವೆಂದು ತಿಳಿದುಬರುತ್ತದೆ.

ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತುವೇ ಕ್ರಿಯಾವರ್ಧಕ. ರಂಧ್ರಮಯ ಘನವಸ್ತುಗಳು ಈ ಕಾರ್ಯಕ್ಕೆ ಯೋಗ್ಯವೆಂಬುದನ್ನು ಜಿಯೊಲೈಟುಗಳು ಮೊದಲೇ ತೋರಿಸಿದ್ದವು. 1960ರ ದಶಕದಲ್ಲಿ ಅವು ಪೆಟ್ರೋಲಿಯಂ ಉದ್ಯಮದಲ್ಲಿ ಬಳಕೆಗೆ ಬಂದವು. ಆದರೆ ಅವುಗಳ ರಂಧ್ರಗಳನ್ನು ಇಷ್ಟಬಂದಂತೆ ಮಾರ್ಪಡಿಸುವುದು ಸುಲಭವಾಗಿರಲಿಲ್ಲ.

ಹೊಸ ಮಾರ್ಗವು ತರಗತಿಯ ಕೊಠಡಿಯಿಂದ ಹೊರಟಿತು. 1974ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ರಾಬ್ಸನ್ನರು ವಿದ್ಯಾರ್ಥಿಗಳಿಗಾಗಿ ಮರದ ಗುಂಡುಗಳಿಂದ ಅಣುಗಳ ಮಾದರಿಗಳನ್ನು ಸಿದ್ಧಪಡಿಸುತ್ತಿದ್ದರು. ಗುಂಡಿನಲ್ಲಿ ಕೊರೆದ ತೂತುಗಳ ಸ್ಥಾನವೇ ಮಾದರಿಯ ಆಕಾರವನ್ನು ನಿರ್ಣಯಿಸುವುದೆಂಬುದು ಅವರ ಮನಸ್ಸಿಗೆ ಹೊಳೆಯಿತು. ಲೋಹದ ಅಯಾನುಗಳನ್ನು ಗುಂಡುಗಳಾಗಿಯೂ ಸಾವಯವ ಅಣುಗಳನ್ನು ಕಡ್ಡಿಗಳಾಗಿಯೂ ಭಾವಿಸಿ, 1989ರಲ್ಲಿ ಅವರು ತಾಮ್ರದ ಚೌಕಟ್ಟನ್ನು ಪ್ರಕಟಿಸಿದರು. ಇಂಥವು ಮುಂದೆ ಕ್ರಿಯಾವರ್ಧಕಗಳಾಗಬಹುದೆಂದೂ ಸೂಚಿಸಿದರು. ಆದರೆ ಆ ಚೌಕಟ್ಟು ಸುಲಭವಾಗಿ ಕುಸಿಯುತ್ತಿತ್ತು.

ಸೂಚನೆಯನ್ನು ಪ್ರಯೋಗದಲ್ಲಿ ಸಾಧಿಸಿದವರು ಬೇರೆಯವರು. 1994ರಲ್ಲಿ ಜಪಾನಿನ ಮಕೋಟೊ ಫುಜಿತ ಮತ್ತು ಸಂಗಡಿಗರ ಕ್ಯಾಡ್ಮಿಯಂ ಜಾಲವು ಆಲ್ಡಿಹೈಡುಗಳ ಒಂದು ಕ್ರಿಯೆಯನ್ನು ವರ್ಧಿಸಿತು. 2000ದಲ್ಲಿ ಕೊರಿಯಾದ ಕಿಮೂನ್ ಕಿಮ್ಮರ ತಂಡವು ಟಾರ್ಟಾರಿಕ್ ಆಮ್ಲದಿಂದ, ಎಂದರೆ ನಮ್ಮ ಹುಣಸೆಹಣ್ಣಿನ ಹುಳಿಯಲ್ಲಿರುವ ಆಮ್ಲದಿಂದಲೇ, ಪಡೆದ ಅಣುವನ್ನು ಸತುವಿನೊಡನೆ ಜೋಡಿಸಿ, ಎಡಬಲಗಳ ಭೇದವನ್ನರಿಯುವ ಚೌಕಟ್ಟನ್ನು ರಚಿಸಿತು. ಆ ಭೇದವು ಅಲ್ಪವಾಗಿದ್ದರೂ ಮಾರ್ಗವು ತೆರೆಯಿತು. ಕುಸಿತದ ದೋಷಕ್ಕೆ 2008ರಲ್ಲಿ ಓಸ್ಲೋದಲ್ಲಿ ಪ್ರಕಟವಾದ ಜಿರ್ಕೋನಿಯಂ ಚೌಕಟ್ಟು ಬಹುಮಟ್ಟಿಗೆ ಪರಿಹಾರವನ್ನೊದಗಿಸಿತು.

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲುಂಟು. ಬೆಂಗಳೂರಿನಲ್ಲಿ ಹುಟ್ಟಿದ ಪ್ರೊ. ಸಿ.ಎನ್.ಆರ್. ರಾವ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನವಿಜ್ಞಾನದ ವಿಭಾಗವನ್ನು ಕಟ್ಟಿ, 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಎಸ್. ನಟರಾಜನ್ ಮತ್ತು ಆರ್. ವೈದ್ಯನಾಥನ್ ಅವರೊಡನೆ 2004ರಲ್ಲಿ ಅವರು ಪ್ರಕಟಿಸಿದ ಲೋಹ ಕಾರ್ಬಾಕ್ಸಿಲೇಟುಗಳ ಸಮೀಕ್ಷೆಯು ಈ ಕ್ಷೇತ್ರದ ಗಮನಾರ್ಹ ಲೇಖನ.

ಮರದ ಗುಂಡಿನಿಂದ ಮೊದಲ ಚೌಕಟ್ಟಿಗೆ ಹದಿನೈದು ವರ್ಷಗಳು ಹಿಡಿದವು. ಪಾಠದ ಸಿದ್ಧತೆಯನ್ನು ಸಂಶೋಧನೆಗೆ ಹೊರತಾದ ಕೆಲಸವೆಂದು ಬಗೆಯುವ ಅಧ್ಯಾಪಕರೂ, ತತ್‌ಕ್ಷಣದ ಫಲವನ್ನು ಬಯಸುವ ಸಂಸ್ಥೆಗಳೂ ಈ ಕಾಲಗಣನೆಯನ್ನು ಮರೆಯಲಾಗದು.