ಬೇಸಿಯನ್ ಕ್ಲಿನಿಕಲ್ ಪ್ರಯೋಗ

ಔಷಧ, ಲಸಿಕೆ ಅಥವಾ ವೈದ್ಯಕೀಯ ಉಪಕರಣದ ಪರಿಣಾಮದ ಬಗ್ಗೆ ಮೊದಲೇ ಇರುವ ತಿಳಿವಳಿಕೆಯನ್ನು ಸಂಭವನೀಯತೆಯ ರೂಪದಲ್ಲಿ ಬರೆದಿಟ್ಟುಕೊಂಡು, ರೋಗಿಗಳ ಮಾಹಿತಿ ಬಂದಂತೆಲ್ಲ ಅದನ್ನು ತಿದ್ದುತ್ತ ಹೋಗುವ ಪ್ರಯೋಗ ವಿನ್ಯಾಸ. ಇದರ ಮೂಲ ಸೂತ್ರ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಸ್ ಅವರದು. ಅವರು ತೀರಿಕೊಂಡ ಮೇಲೆ, 1763ರಲ್ಲಿ ಪ್ರಕಟವಾಯಿತು.

ಸಾಂಪ್ರದಾಯಿಕ ಪಿ-ಮೌಲ್ಯವು, ಔಷಧದಿಂದ ಏನೂ ಪ್ರಯೋಜನವಿಲ್ಲದಿದ್ದರೆ ಇಂಥ ಫಲಿತಾಂಶ ಎಷ್ಟು ಅಪರೂಪ ಎಂಬುದನ್ನಷ್ಟೇ ಹೇಳುತ್ತದೆ. ವೈದ್ಯರು ಕೇಳುವುದು ಬೇರೆ: ಔಷಧ ಕೆಲಸ ಮಾಡುವ ಸಂಭವ ಎಷ್ಟು? ಬೇಸಿಯನ್ ಲೆಕ್ಕ ಇದಕ್ಕೇ ಉತ್ತರಿಸುತ್ತದೆ.

2020ರ ಫೈಝರ್-ಬಯೋಎನ್‌ಟೆಕ್ ಕೋವಿಡ್ ಲಸಿಕೆಯ ಪ್ರಯೋಗ ಹೆಸರಾಂತ ಉದಾಹರಣೆ. ಸಾಮರ್ಥ್ಯ ಶೇ. 30ರ ಆಸುಪಾಸು ಇರಬಹುದೆಂಬ ಸಡಿಲ ಅಂದಾಜಿನಿಂದ ಲೆಕ್ಕ ಶುರುವಾಯಿತು. ಅದು ಶೇ. 30ನ್ನು ಮೀರಿದೆ ಎಂಬ ಸಂಭವನೀಯತೆ ಅಂತಿಮ ವಿಶ್ಲೇಷಣೆಯಲ್ಲಿ ಶೇ. 98.6ನ್ನು ದಾಟಬೇಕೆಂಬುದು ಮೊದಲೇ ಗೊತ್ತುಮಾಡಿದ ಷರತ್ತು. ಎರಡನೇ ಡೋಸಿನ ಏಳು ದಿನಗಳ ನಂತರ ಕಾಯಿಲೆ ಬಿದ್ದ 170 ಮಂದಿಯಲ್ಲಿ ಲಸಿಕೆ ಪಡೆದವರು 8, ಹುಸಿ ಚುಚ್ಚುಮದ್ದು ಪಡೆದವರು 162. ಸಾಮರ್ಥ್ಯ ಶೇ. 95 ಎಂದಾಯಿತು. ಇಷ್ಟು ದೊಡ್ಡ ಅಂತರಕ್ಕೆ ಹಳೆಯ ವಿಧಾನವೂ ಇದೇ ತೀರ್ಪು ಕೊಡುತ್ತಿತ್ತೆನ್ನಿ.

ವಿಧಾನದ ನಿಜವಾದ ಉಪಯೋಗ ರೋಗಿಗಳು ಕಡಿಮೆ ಇರುವಲ್ಲಿ. 2010ರಲ್ಲಿ ಅಮೆರಿಕದಲ್ಲಿ ಆರಂಭವಾದ ಐ-ಸ್ಪೈ 2 ಸ್ತನ ಕ್ಯಾನ್ಸರ್ ಪ್ರಯೋಗದಲ್ಲಿ, ಯಾವ ಬಗೆಯ ಗೆಡ್ಡೆಗೆ ಯಾವ ಔಷಧ ಒಗ್ಗುತ್ತಿದೆಯೋ ಅದನ್ನು ಮುಂದಿನ ರೋಗಿಗಳಿಗೆ ಹೆಚ್ಚಾಗಿ ಹಂಚಲಾಯಿತು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಉಪಕರಣಗಳ ಪ್ರಯೋಗಕ್ಕೆ ಬೇಸಿಯನ್ ಮಾರ್ಗಸೂಚಿ ಹೊರಡಿಸಿತು.

ತಕರಾರೆಲ್ಲ ಆರಂಭದ ಅಂದಾಜಿನದು. ಔಷಧದ ಪರ ವಾಲಿದ ಅಂದಾಜು ಚಿಕ್ಕ ಪ್ರಯೋಗದ ಫಲಿತಾಂಶವನ್ನೇ ತಿರುಚಬಲ್ಲದು. ಆದ್ದರಿಂದ ಸಂದೇಹದ ಅಂದಾಜನ್ನೂ ಇಟ್ಟು ಲೆಕ್ಕ ಹಾಕಿ, ಎರಡನ್ನೂ ತಾಳೆ ನೋಡುವುದು ವಾಡಿಕೆ.