ಧರ್ಮಪಾಠಕ್ಕೆ ಕಥೆಯ ದಾರಿ: ನಯಸೇನ ಮತ್ತು ಕಿಟ್ಟೆಲ್

ಎಳೆಯರಿಗೆ ಧರ್ಮವನ್ನು ಬೋಧಿಸುವವರು ಎದುರಿಸುವ ತೊಡಕು ಹೊಸತಲ್ಲ. ತತ್ತ್ವಗಳ ಹೆಸರು ಬಾಯಿಪಾಠವಾಗುತ್ತದೆ. ಅರ್ಥ ಹೊರಗೇ ಉಳಿಯುತ್ತದೆ. ಧಾರವಾಡದ ಪರಿಸರದಲ್ಲಿ ಏಳೂವರೆ ಶತಮಾನಗಳ ಅಂತರದಲ್ಲಿದ್ದ ಭಿನ್ನ ಮತಗಳ ಇಬ್ಬರು ಈ ತೊಡಕಿಗೆ ಒಂದೇ ಬಗೆಯ ಪರಿಹಾರವನ್ನು ಕಂಡುಕೊಂಡದ್ದು ಗಮನಾರ್ಹ.

ಮೊದಲನೆಯವನು ಹಿಂದೆ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಗದಗ ಜಿಲ್ಲೆಗೆ ಸೇರಿರುವ ಮುಳುಗುಂದದ ನಯಸೇನ. ಅವನ ‘ಧರ್ಮಾಮೃತ’ (ಸು. 1112) ಮಕ್ಕಳಿಗೆಂದೇ ರಚಿತವಾದುದಲ್ಲ, ಶ್ರಾವಕರೆಲ್ಲರಿಗೂ ಸಲ್ಲುವ ಚಂಪೂಕೃತಿ. ಸಮ್ಯಗ್ದರ್ಶನ, ಅದರ 8 ಅಂಗಗಳು, 5 ಅಣುವ್ರತಗಳು ಇಲ್ಲಿಯ 14 ಆಶ್ವಾಸಗಳಲ್ಲಿ ಕಥೆಗಳಾಗಿ ಮೈದಾಳಿವೆ. ಕನ್ನಡದಲ್ಲಿ ಸಂಸ್ಕೃತವನ್ನು ಬೆರೆಸುವ ರೂಢಿಯನ್ನು ಆಕ್ಷೇಪಿಸಿದ ಕವಿ, ಜನಜೀವನದಿಂದ ಆಯ್ದ ಹೋಲಿಕೆಗಳನ್ನು ಸಾಲುಸಾಲಾಗಿ ಪೋಣಿಸುತ್ತಾನೆ.

ನಿಷ್ಕಾಂಕ್ಷೆಗೆ ನಿದರ್ಶನವಾಗಿ ಜೈನ ಪರಂಪರೆ ಹೇಳುತ್ತ ಬಂದಿರುವುದು ಅನಂತಮತಿಯ ಕಥೆಯನ್ನು. ಕೆಲವು ದಿನಗಳ ಬ್ರಹ್ಮಚರ್ಯವ್ರತವನ್ನು ಕೈಗೊಂಡ ತಂದೆ, ವಿನೋದಕ್ಕೆಂದು ಎಳೆಯ ಮಗಳಿಗೂ ವ್ರತ ಕೊಡಿಸುತ್ತಾನೆ. ಅವನಿಗೆ ಆಟವಾದದ್ದು ಅವಳಿಗೆ ಬಾಳಿನ ನಿಯಮವಾಗುತ್ತದೆ. ಅಪಹರಣದ ಸಂಕಟದಲ್ಲಿಯೂ ಅವಳು ಅದನ್ನು ಬಿಡುವುದಿಲ್ಲ. ಮಗುವಿಗೆ ಧರ್ಮ ತಿಳಿಯದೆಂಬ ಹಿರಿಯರ ಉದಾಸೀನಕ್ಕೆ ಇದಕ್ಕಿಂತ ತೀಕ್ಷ್ಣವಾದ ಉತ್ತರ ವಿರಳ.

ಎರಡನೆಯವನು ಫರ್ಡಿನಾಂಡ್ ಕಿಟ್ಟೆಲ್. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿ ಶಾಲೆಗಳನ್ನು ನಡೆಸಿತು. 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲ್ ಮೊದಲ ವರ್ಷಗಳನ್ನು ಈ ಭಾಗದಲ್ಲಿಯೇ ಕಳೆದನು. 1862ರ ‘ಕಥಾಮಾಲೆ’ಯಲ್ಲಿ ಅವನು ಯೇಸುವಿನ ಚರಿತ್ರೆಯನ್ನು ಈ ನಾಡಿನ ಪದ್ಯರೀತಿಗೆ ಒಗ್ಗಿಸಿದನು. ಹೊರಗಿನಿಂದ ಬಂದ ಬೋಧೆ ಇಲ್ಲಿಯ ಕಿವಿಗೆ ಪರಿಚಿತವಾದ ಲಯವನ್ನು ಆಶ್ರಯಿಸಬೇಕಾಯಿತು. ಆ ಲಯದ ಶಾಸ್ತ್ರವನ್ನರಸಿದವನಿಗೆ ಜೈನ ಪರಿಸರದ ಗ್ರಂಥಗಳು ಅನಿವಾರ್ಯವಾದವು: ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ಚಾವುಂಡರಾಯನ ಆಶ್ರಯ ಪಡೆದ ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಅವನು ಸಂಪಾದಿಸಿದನು.

ಇಬ್ಬರ ಉದ್ದೇಶಗಳು ಒಂದಲ್ಲ. ಒಬ್ಬನದು ಶ್ರಾವಕರ ಶ್ರದ್ಧೆಯನ್ನು ಬಲಪಡಿಸುವ ಕೆಲಸ. ಇನ್ನೊಬ್ಬನದು ಹೊಸ ಮತದ ಪ್ರಸಾರ. ಆದರೂ ಕೇಳುಗನ ನುಡಿ ಮತ್ತು ಅನುಭವಗಳೇ ಬೋಧೆಯ ಬಾಗಿಲೆಂಬುದನ್ನು ಇಬ್ಬರೂ ಅರಿತಿದ್ದರು. ಪಾಠಶಾಲೆಯ ಮಕ್ಕಳಿಗೆ ಆಸಕ್ತಿಯಿಲ್ಲವೆಂದು ದೂರುವ ಮುನ್ನ, ಅಣುವ್ರತಗಳ ಪಟ್ಟಿಯನ್ನು ಒಪ್ಪಿಸಲು ಹೇಳಿದ ಉಪಾಧ್ಯಾಯರು ಅವುಗಳ ಕಥೆಯನ್ನು ಹೇಳಿದ್ದಾರೆಯೇ ಎಂದು ಕೇಳಬೇಕಾಗುತ್ತದೆ.